ರಾಟವಾಳಕ್ಕೆ ಪ್ಲಾಸ್ಟಿಕ್ ಡಬ್ಬಿ ಬೇಡ, ಗದ್ದೆ ಅಂಚು ಬಿಡಿ

ಮೊದಲು ನನ್ನದೇ ತಪ್ಪು ಹೇಳಿಬಿಡ್ತೀನಿ, ಆಮೇಲೆ ಬೇರೆಯವರನ್ನು ಬೈಯೋದು.

ಹೋದ ವರ್ಷ ಮಾರ್ಚ್‌ನಲ್ಲಿ ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಹಿತ್ತಲು. ಉದ್ದನೆಯ ಪಾರದರ್ಶಕ ಡಬ್ಬಿ, ಅದರ ತುಂಬ ಕಾಳು, ಸುತ್ತ ಹಳದಿ ಬಣ್ಣದ ಹಕ್ಕಿಗಳು ಜೋತುಬಿದ್ದು ತಿನ್ನುತ್ತಿದ್ದವು. ಚೆಂದ ಇತ್ತು. ಆನ್‌ಲೈನ್‌ನಲ್ಲಿ ಅಂಥದ್ದೇ ಒಂದು ಫೀಡರ್ ತರಿಸಿ, ನಿಟ್ಟೂರಿನ ಒಳಗಿರುವ ನಮ್ಮ ಮನೆಯ ಅಂಗಳದ ಪೇರಲೆ ಮರಕ್ಕೆ ನೇತುಹಾಕಿದೆ. ನವಣೆ, ನುಚ್ಚಕ್ಕಿ ತುಂಬಿದೆ. ಅಮ್ಮ ನೋಡಿ ಒಂದೇ ಮಾತು ಹೇಳಿದರು: "ಯಾರಿಗೆ ಹಾಕಿದ್ದು ಇದು, ಮಂಗಕ್ಕಾ?"

ಅಮ್ಮ ಹೇಳಿದ್ದೇ ಸರಿಯಾಯಿತು. ಎರಡು ದಿನ ನಾಲ್ಕು ಚುಕ್ಕೆ ರಾಟವಾಳ ಬಂದವು, ಫೋಟೋ ಹೊಡೆದೆ, ಸ್ಟೇಟಸ್ ಹಾಕಿದೆ. ಮೂರನೇ ದಿನ ಮಂಗನ ಹಿಂಡು ಬಂತು. ಡಬ್ಬಿ ಕಿತ್ತು, ಕಾಳು ಚೆಲ್ಲಿ, ಪೇರಲೆ ಮಿಡಿಯನ್ನೂ ಮುಗಿಸಿ ಹೋದವು. ರಾತ್ರಿ ಚೆಲ್ಲಿದ ಕಾಳಿಗೆ ಇಲಿ. ಮತ್ತೆ ಕಟ್ಟಿದೆ, ಮತ್ತೆ ಮಂಗ. ಮೇ ಕೊನೆಯಲ್ಲಿ ಎರಡು ಮಳೆ ಬಿದ್ದಿದ್ದೇ ತಡ, ಡಬ್ಬಿಯೊಳಗಿನ ನವಣೆ ಹಸಿರು ಬೂಷ್ಟು ಹಿಡಿದು ಗಟ್ಟಿ ಮುದ್ದೆಯಾಯಿತು.

ಅದೇ ಹೊತ್ತಿಗೆ, ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ, ಪಕ್ಕದವರ ಗದ್ದೆ ಅಂಚಿನ ಹುಲ್ಲಿನ ಮೇಲೆ ಮೂವತ್ತು ನಲವತ್ತು ರಾಟವಾಳ ಕೂತಿದ್ದವು. ಯಾರೂ ಕಾಳು ಹಾಕಿರಲಿಲ್ಲ. ಯಾರೂ ಫೋಟೋ ಹೊಡೆದಿರಲಿಲ್ಲ. ನಮ್ಮ ಕೇರಿಯಲ್ಲಿ ಭತ್ತ ಬೆಳೆಯುವ ಕೊನೇ ಗದ್ದೆ ಅದು. ಅವರು ಈ ಸಲ ಅಡಿಕೆ ಸಸಿ ತರ್ತಾರಂತೆ.

ಈ ಬರಹ ಆ ಗದ್ದೆಯ ಬಗ್ಗೆ. ಫೀಡರ್ ಬರೀ ನೆಪ.

ಫಿಂಚ್ ಅಂದರೆ ಯಾವುದು?

ಪೇಟೆಯ ಪಂಜರದ ಅಂಗಡಿಯವರು "ಸ್ಪೈಸ್ ಫಿಂಚ್" ಅನ್ನುವುದು ನಮ್ಮ ಗದ್ದೆಯ ಚುಕ್ಕೆ ರಾಟವಾಳವನ್ನೇ. ಕಂದು ಬೆನ್ನು, ಎದೆ ಮೇಲೆ ಮೀನಿನ ಹುರುಪೆಯಂಥ ಚುಕ್ಕೆ. "ಸ್ಟ್ರಾಬೆರಿ ಫಿಂಚ್" ಅನ್ನುವುದು ಕೆಂಪು ರಾಟವಾಳ. ನಮ್ಮ ಮನೆಯಲ್ಲಿ ಹಿರಿಯರು ಎಲ್ಲವನ್ನೂ ಸೇರಿಸಿ "ಭತ್ತದ ಗುಬ್ಬಿ" ಅಂತಿದ್ದರು. ಮಲೆನಾಡಿನಲ್ಲಿ ಬಿಳಿಬೆನ್ನಿನ ರಾಟವಾಳ, ಕಪ್ಪುಗಂಟಲಿನ ರಾಟವಾಳ ಕೂಡ ಇವೆ. ಪಕ್ಷಿಶಾಸ್ತ್ರದ ಲೆಕ್ಕದಲ್ಲಿ ಇವು ಯಾವುವೂ ನಿಜವಾದ ಫಿಂಚ್ ಕುಟುಂಬಕ್ಕೆ ಸೇರಿದವಲ್ಲ. ನಿಜವಾದ ಫಿಂಚ್ ಅಂದರೆ ಚಳಿಗಾಲದಲ್ಲಿ ಉತ್ತರದಿಂದ ಪಶ್ಚಿಮ ಘಟ್ಟಕ್ಕೆ ಬರುವ ಗುಲಾಬಿ ಫಿಂಚ್. ಬಿದಿರಕ್ಕಿ ಅಂದರೆ ಅದಕ್ಕೆ ಪ್ರಾಣ.

ಹೆಸರು ಏನೇ ಇರಲಿ, ಕೆಲಸ ಒಂದೇ. ದಪ್ಪ ಗಿಡ್ಡ ಕೊಕ್ಕು, ಕಾಳು ಒಡೆದು ತಿನ್ನುವ ಹಕ್ಕಿ. ಹಿಂಡಿನಲ್ಲಿ ಬರುತ್ತೆ, ಹುಲ್ಲಿನ ತೆನೆ ಬಗ್ಗಿಸಿ ತಿನ್ನುತ್ತೆ, ಮಳೆಗಾಲದಲ್ಲಿ ಹುಲ್ಲಿನ ಎಸಳು ತಂದು ಚೆಂಡಿನ ಹಾಗೆ ಗೂಡು ಕಟ್ಟುತ್ತೆ. ಹುಲ್ಲೇ ಅದರ ಅನ್ನ, ಹುಲ್ಲೇ ಅದರ ಮನೆ.

ಈಗ ಹೇಳಿ, ಡಬ್ಬಿಯಲ್ಲಿ ಅನ್ನ ಕೊಟ್ಟಿರಿ. ಮನೆ ಎಲ್ಲಿ ಕೊಡ್ತೀರಿ?

ನಮ್ಮ ಹುಚ್ಚೆಳ್ಳು ಅಮೆರಿಕಕ್ಕೆ, ಅವರ ಡಬ್ಬಿ ನಮಗೆ

ಆ ವಿಡಿಯೋದ ಹಳದಿ ಹಕ್ಕಿ ತಿನ್ನುತ್ತಿದ್ದ ಕಪ್ಪು ಕಾಳು ಯಾವುದು ಗೊತ್ತಾ? ಹುಚ್ಚೆಳ್ಳು. ನಾವು ಚಟ್ನಿಪುಡಿ ಮಾಡುವ, ಬಯಲುಸೀಮೆಯಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುವ ಅದೇ ಹುಚ್ಚೆಳ್ಳು. ಅಮೆರಿಕದಲ್ಲಿ ಗೋಲ್ಡ್‌ಫಿಂಚ್ ಹಕ್ಕಿಗೆ ಫೀಡರ್‌ನಲ್ಲಿ ಇದನ್ನು ಹಾಕುತ್ತಾರೆ. ಭಾರತ, ಇಥಿಯೋಪಿಯಾದಂಥ ದೇಶಗಳಿಂದ ಹಡಗಿನಲ್ಲಿ ಹೋಗುತ್ತೆ. ಅದರ ಜೊತೆ ಕಳೆ ಬೀಜ ಹೋಗಿ ತಮ್ಮ ನೆಲದಲ್ಲಿ ಮೊಳೆಯಬಾರದು ಅಂತ ಅಲ್ಲಿಯ ಸರ್ಕಾರ ಅದನ್ನು ಸುಮಾರು 120 ಡಿಗ್ರಿ ಶಾಖದಲ್ಲಿ ಬಿಸಿ ಮಾಡಿಸುತ್ತೆ.

ಅವರು ತಮ್ಮ ನೆಲದ ಬಗ್ಗೆ ಎಷ್ಟು ಹುಷಾರು ನೋಡಿ. ನಾವು? ನಮ್ಮ ನೆಲದಲ್ಲಿ ತಾನಾಗಿ ಬರುತ್ತಿದ್ದ ಹುಲ್ಲಿಗೆ ಕಳೆನಾಶಕ ಹೊಡೆದು, ಅದೇ ಅಂಗಳಕ್ಕೆ ದುಡ್ಡು ಕೊಟ್ಟು ಕಾಳಿನ ಡಬ್ಬಿ ತರಿಸ್ತಿದ್ದೀವಿ. ಅವರ ಹಿತ್ತಲಿನ ಬುದ್ಧಿ ಅವರ ಹವೆಗೆ ಹುಟ್ಟಿದ್ದು. ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಹಿಮ ಬಿದ್ದು ನೆಲ ಮುಚ್ಚಿಹೋಗುತ್ತೆ, ಹಕ್ಕಿಗೆ ಕಾಳು ಸಿಗಲ್ಲ. ನಮಗೆ ಯಾವ ಹಿಮ ಬಿದ್ದಿದೆ?

ಡಬ್ಬಿ ಹಾಕಿದವರ ಊರಲ್ಲಿ ಏನಾಯ್ತು

ಫೀಡರ್‌ನಿಂದ ಹಕ್ಕಿಗೆ ಉಪಕಾರವೇ ಆಗುತ್ತೆ ಅಂತ ನಂಬುವವರು ಇದನ್ನು ಓದಿ.

ಬ್ರಿಟನ್‌ನಲ್ಲಿ ಗ್ರೀನ್‌ಫಿಂಚ್ ಅಂತ ಒಂದು ಹಕ್ಕಿ. ಹಿತ್ತಲಿನ ಫೀಡರ್‌ಗೆ ತಪ್ಪದೇ ಬರುತ್ತಿತ್ತು. 2005ರಲ್ಲಿ ಅದರಲ್ಲಿ ಒಂದು ರೋಗ ಕಾಣಿಸಿತು. ಗಂಟಲಲ್ಲಿ ಬೆಳೆಯುವ ಪರೋಪಜೀವಿ, ಹೆಸರು ಟ್ರೈಕೊಮೊನಾಸ್. ಹಕ್ಕಿಗೆ ನುಂಗಲು ಆಗಲ್ಲ, ಕಾಳಿನ ಎದುರೇ ಕೂತು ಸಾಯುತ್ತೆ. ರೋಗ ಹರಡುವುದು ಎಂಜಲಿನಿಂದ. ಒಂದು ಹಕ್ಕಿ ಬಾಯಿಂದ ಉದುರಿಸಿದ ಕಾಳನ್ನು ಇನ್ನೊಂದು ತಿನ್ನುತ್ತೆ, ಒಂದೇ ನೀರಿನ ತಟ್ಟೆಯಲ್ಲಿ ಎಲ್ಲವೂ ಕುಡಿಯುತ್ತವೆ. ಲಕ್ಷಗಟ್ಟಲೆ ಗ್ರೀನ್‌ಫಿಂಚ್ ಹೋದವು. 2021ರಲ್ಲಿ ಆ ಹಕ್ಕಿಯನ್ನು ಅಲ್ಲಿಯ ಅಪಾಯದ ಕೆಂಪು ಪಟ್ಟಿಗೆ ಸೇರಿಸಿದರು. 2025ರ ಆರಂಭದಲ್ಲಿ ಅಲ್ಲಿಯ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಚಪ್ಪಟೆ ತಟ್ಟೆಯಂಥ ಫೀಡರ್ ಮಾರುವುದನ್ನೇ ನಿಲ್ಲಿಸಿತು.

ಅಮೆರಿಕದಲ್ಲಿ 1994ರ ಹೊತ್ತಿಗೆ ಹೌಸ್ ಫಿಂಚ್ ಹಕ್ಕಿಗೆ ಕಣ್ಣು ಊದಿ ಮುಚ್ಚಿಹೋಗುವ ರೋಗ ಶುರುವಾಯಿತು. ರೋಗಾಣು ಕೋಳಿಗಳಲ್ಲಿ ಇರುವಂಥದ್ದು. ಅದೂ ಫೀಡರ್‌ನ ಹತ್ತಿರ ಒಟ್ಟು ಸೇರುವಾಗ ಒಂದರಿಂದ ಒಂದಕ್ಕೆ ದಾಟಿತು.

ಅವರದ್ದು ಡಬ್ಬಿ ತೊಳೆಯುವ ಸಂಸ್ಕೃತಿ ಇರುವ ದೇಶ. ಅದಕ್ಕಂತಲೇ ಬ್ರಷ್ ಮಾರುತ್ತಾರೆ. ನಮ್ಮಲ್ಲಿ ಮಾರ್ಚ್ 20ಕ್ಕೆ ವಿಶ್ವ ಗುಬ್ಬಚ್ಚಿ ದಿನ ಅಂತ ಡಬ್ಬಿ ಕಟ್ಟಿ ಫೋಟೋ ತೆಗೆಸಿಕೊಂಡವರು ಜೂನ್‌ನಲ್ಲಿ ಅದನ್ನು ತೊಳೆದಿದ್ದು ನೀವು ನೋಡಿದ್ದೀರಾ? ನಾನೂ ತೊಳೆದಿರಲಿಲ್ಲ.

ಇನ್ನು ನಮ್ಮ ಮಳೆ. ಪೇಪರಿನಲ್ಲಿ ಮಳೆ ವರದಿ ಬಂದರೆ ಹೆಸರು ಯಾವುದು ಇರುತ್ತೆ? ಹುಲಿಕಲ್, ಮಾಸ್ತಿಕಟ್ಟೆ, ಯಡೂರು, ಚಕ್ರಾ, ಸಾವೆಹಕ್ಕಲು. ಎಲ್ಲ ನಮ್ಮ ಹೊಸನಗರ ತಾಲ್ಲೂಕು. ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವುದು ಇಲ್ಲಿ ಹೊಸದೇನಲ್ಲ. ಕರಡ ಹೊದೆಸಿ, ಕೊಟ್ಟೆ ಕಟ್ಟಿ ಅಡಿಕೆ ಉಳಿಸಿಕೊಳ್ಳುವುದೇ ಸಾಹಸ ಆಗಿರುವ ಊರಲ್ಲಿ ನೇತುಹಾಕಿದ ಕಾಳು ಎಷ್ಟು ದಿನ ಉಳಿದೀತು? ಬೂಷ್ಟು ಹಿಡಿದ ಕಾಳು ಹಕ್ಕಿಗೆ ವಿಷ. ಕೋಳಿ ಸಾಕಿದವರಿಗೆ ಇದು ಗೊತ್ತು.

ಮಂಗ ಬಂದರೆ ಬರೀ ಪೇರಲೆ ಹೋಗಲ್ಲ

ಇದು ಮಲೆನಾಡಿನವರಿಗೆ ಮಾತ್ರ ಹೇಳಬೇಕಾದ ಮಾತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಂಕಟ ಯಾರೂ ಮರೆತಿಲ್ಲ. ಕಾಯಿಲೆ ಹರಡುವುದು ಉಣ್ಣಿಯಿಂದ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣಿ ಅಲ್ಲೇ ನೆಲಕ್ಕೆ ಉದುರುತ್ತೆ. ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ.

ಹಕ್ಕಿಗೆ ಕಾಳು ನೀರು ಇಡಿ ಅಂತ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುವ ಕಾಲ ಯಾವುದು? ಅದೇ ಫೆಬ್ರವರಿಯಿಂದ ಮೇ.

ಫೀಡರ್ ಹಾಕಿದರೆ ಮಂಗನ ಕಾಯಿಲೆ ಬರುತ್ತೆ ಅಂತ ನಾನು ಹೇಳ್ತಿಲ್ಲ, ಹಾಗೆ ಫಾರ್ವರ್ಡ್ ಮಾಡಬೇಡಿ. ನಾನು ಹೇಳ್ತಿರೋದು ಇಷ್ಟೇ: ಮಂಗ ಮನೆಯಿಂದ ದೂರ ಇರಲಿ ಅಂತ ಎಲ್ಲರೂ ಬಯಸುವ ತಿಂಗಳುಗಳಲ್ಲಿ, ಮಕ್ಕಳು ಆಡುವ ಅಂಗಳಕ್ಕೆ ಕಾಳು ಕಟ್ಟಿ ಅದನ್ನು ಕರೆಯುವುದು ಜಾಣತನ ಅಲ್ಲ. ಬೆಂಗಳೂರಿನ ಬಾಲ್ಕನಿಗೆ ಬರೆದ ಸಲಹೆಯನ್ನು ಕೊಡಚಾದ್ರಿ ಬುಡಕ್ಕೆ ತಂದು ನೇತುಹಾಕಿದರೆ ಹೀಗೇ ಆಗೋದು.

ಹಾಗಾದರೆ ಹಕ್ಕಿ ಯಾಕೆ ಕಮ್ಮಿ ಆಯ್ತು?

ಹಸಿವಿನಿಂದ ಅಂತ ಡಬ್ಬಿ ಕಟ್ಟುವವರು ಅಂದುಕೊಂಡಿದ್ದಾರೆ. ನಿಜ ಅರ್ಧ ಅಷ್ಟೇ. ಊಟ ಕಡಿಮೆ ಆದದ್ದು ಊಟ ಬೆಳೆಯುವ ಜಾಗ ಹೋದದ್ದರಿಂದ.

ಮೊದಲು ಏನಿತ್ತು ಲೆಕ್ಕ ಹಾಕಿ. ಗದ್ದೆಯಲ್ಲಿ ಭತ್ತ. ಅಂಚಿನಲ್ಲಿ ಹುಲ್ಲು. ಕೊಯ್ಲಾದ ಮೇಲೆ ಕಣ, ಕಣದಲ್ಲಿ ಉದುರಿದ ಕಾಳು, ಜೊಳ್ಳು. ಮನೆ ಹಿಂದೆ ಹುಲ್ಲಿನ ಗೊಣಬೆ. ಬೆಟ್ಟದಲ್ಲಿ ಬಿದಿರು, ಕರಡ. ಅಂಗಳದಲ್ಲಿ ಅಕ್ಕಿ ಕೇರುವಾಗ ಬೀಳುವ ನುಚ್ಚು. ಹಕ್ಕಿಗೆ ವರ್ಷಪೂರ್ತಿ ಒಂದಲ್ಲ ಒಂದು ಕಡೆ ಊಟ.

ಈಗ? ಗದ್ದೆ ಅಡಿಕೆ ತೋಟ ಆಯ್ತು. ಕಣ ಇಲ್ಲ. ಸೊಪ್ಪಿನಬೆಟ್ಟದ ಪಕ್ಕದಲ್ಲೇ ಅಕೇಶಿಯಾ ನೆಡುತೋಪು, ಅದರ ಅಡಿಯಲ್ಲಿ ಹುಲ್ಲು ಏಳಲ್ಲ. ಉಳಿದ ಅಂಚು, ತೋಟದ ಕಪ್ಪಿಗೆ ಕಳೆನಾಶಕ. ಗ್ಲೈಫೋಸೇಟ್ ಬಳಕೆಯನ್ನು ಮಿತಿಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಆದೇಶ ದೆಹಲಿಯಲ್ಲಿದೆ, ಕ್ಯಾನ್ ನಮ್ಮ ಕೊಟ್ಟಿಗೆಯಲ್ಲಿದೆ.

ಇನ್ನೊಂದು ಸಂಗತಿ ಓದಿ ನನಗೇ ಆಶ್ಚರ್ಯ ಆಗಿತ್ತು. ಬಿಳಿಬೆನ್ನಿನ ರಾಟವಾಳ ಗೂಡು ಮಾಡುವ ಕಾಲದಲ್ಲಿ ಬರೀ ಕಾಳು ತಿನ್ನಲ್ಲ, ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುವ ನೂಲಿನಂಥ ಪಾಚಿ ತಿನ್ನುತ್ತೆ. ಮಲೇಷ್ಯಾದ ಗದ್ದೆಗಳಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಮೊಟ್ಟೆ ಇಡಲು ಬೇಕಾದ ಸಾರ ಅದರಲ್ಲಿದೆ. ಗುಬ್ಬಚ್ಚಿ, ಗೀಜಗದ ಕತೆಯೂ ಹೀಗೇ. ದೊಡ್ಡ ಹಕ್ಕಿ ಕಾಳು ತಿಂದು ಬದುಕುತ್ತೆ, ಮರಿಗೆ ಮಾತ್ರ ಹುಳು ಬೇಕು.

ಪಾಚಿಯನ್ನು ಡಬ್ಬಿಯಲ್ಲಿ ನೇತುಹಾಕಲು ಆಗುತ್ತಾ? ಹುಳುವನ್ನು? ಕೆಸರುಗದ್ದೆಯನ್ನು ಆನ್‌ಲೈನ್‌ನಲ್ಲಿ ತರಿಸಬಹುದಾ?

"ಅಡಿಕೆ ಹಾಕಬೇಡಿ ಅಂತೀಯಾ?"

ಇಲ್ಲ ಮಾರಾಯ್ರೆ. ನಮ್ಮ ಮನೆಯೂ ನಡೆಯೋದು ಅಡಿಕೆಯಿಂದಲೇ. ನನ್ನ ಕಾಲೇಜು ಫೀಸು ಅಡಿಕೆಯದ್ದೇ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ ಇತ್ತು. ರಾಶಿ ಅಡಿಕೆ ಬೆಲೆ ಅದರ ಎಷ್ಟೋ ಪಟ್ಟು. ಭತ್ತ ಬಿಟ್ಟವರನ್ನು ಬೈಯಲು ನನಗೆ ಬಾಯಿಲ್ಲ. ಆದರೆ ಎಲ್ಲ ಗದ್ದೆಗೂ ಒಂದೇ ಬೆಳೆ ತುಂಬಿದರೆ ಏನಾಗುತ್ತೆ ಅಂತ ಎಲೆಚುಕ್ಕಿ ರೋಗ ಬಂದ ಮೇಲೆ ನಮ್ಮ ನಿಟ್ಟೂರು, ನಾಗೋಡಿ, ಸಂಪೇಕಟ್ಟೆ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ಬರುತ್ತೆ: "ರಾಟವಾಳ ಭತ್ತ ತಿನ್ನಲ್ವಾ?" ತಿನ್ನುತ್ತೆ. ಹಾಲುಗಾಳು ಕಟ್ಟುವಾಗ ಹಿಂಡು ಬಿದ್ದರೆ ಹೊಟ್ಟೆ ಉರಿಯುತ್ತೆ. ನಾನೂ ಚಿಕ್ಕವನಿದ್ದಾಗ ಡಬ್ಬ ಬಡಿದು ಓಡಿಸಿದ್ದೀನಿ. ಆದರೆ ಊರಲ್ಲಿ ಇಪ್ಪತ್ತು ಮನೆಯ ಗದ್ದೆ ಇದ್ದಾಗ ನಷ್ಟವೂ ಇಪ್ಪತ್ತು ಮನೆಗೆ ಹಂಚಿಹೋಗುತ್ತಿತ್ತು. ಈಗ ಹತ್ತೊಂಬತ್ತು ಮನೆ ತೋಟ ಮಾಡಿದೆ. ಹಕ್ಕಿ, ಹಂದಿ, ನವಿಲು, ಮಂಗ ಎಲ್ಲವೂ ಉಳಿದ ಒಂದೇ ಗದ್ದೆಗೆ ಬೀಳುತ್ತವೆ. ನಮ್ಮ ಪಕ್ಕದವರು ಭತ್ತ ಬಿಡುತ್ತಿರುವುದು ಆಸೆಯಿಂದಲ್ಲ, ಸುಸ್ತಾಗಿ. ಇಡೀ ಊರಿನ ಹಕ್ಕಿಯನ್ನು ಒಬ್ಬರೇ ಸಾಕುತ್ತಿದ್ದಾರೆ. ಉಳಿದ ನಾವು ಡಬ್ಬಿ ಕಟ್ಟಿ ಪಕ್ಷಿಪ್ರೇಮಿಗಳಾಗಿದ್ದೇವೆ.

ನನಗೆ ಸಿಟ್ಟು ಬರೋದು ಇಲ್ಲಿ. ಹಕ್ಕಿ ಸಾಕಿದವನಿಗೆ ಹೆಸರಿಲ್ಲ, ಡಬ್ಬಿ ಕಟ್ಟಿದವನಿಗೆ ಲೈಕು.

ಹೋಂಸ್ಟೇಯವರಿಗೆ ಒಂದು ಮಾತು

ಕೊಡಚಾದ್ರಿ ದಾರಿಯಲ್ಲಿ ಈಗ ಹೋಂಸ್ಟೇ ಬೋರ್ಡ್‌ಗಳೇ ಹೆಚ್ಚು. ಒಳ್ಳೆಯದೇ, ಊರಿಗೆ ದುಡಿಮೆ ಬೇಕು. ಬಹಳ ಕಡೆ ಈಗ ಅಂಗಳದಲ್ಲಿ ಫೀಡರ್ ಕಾಣುತ್ತೆ, ಬಂದವರು ಫೋಟೋ ಹೊಡೆಯಲಿ ಅಂತ. 2020ರ ಭೂ ಸುಧಾರಣಾ ತಿದ್ದುಪಡಿ ಆದಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗೆ ಕೊಂಡು ಗದ್ದೆ ಮುಚ್ಚಿ ಲಾನ್ ಮಾಡಿ, ಲಾನ್ ನಡುವೆ ಕಾಳಿನ ಡಬ್ಬಿ ಕಟ್ಟುವವರಿಗೆ ನನ್ನ ಒಂದು ಲೆಕ್ಕ.

ಎಕರೆಗೆ 16 ಕ್ವಿಂಟಾಲ್ ಭತ್ತ ಅಂದುಕೊಳ್ಳಿ. ಗುಂಟೆಗೆ 40 ಕೆಜಿ. 2025-26ರ ಬೆಂಬಲ ಬೆಲೆಯಲ್ಲಿ ಅದು ಸುಮಾರು 950 ರೂಪಾಯಿ. ಅಂದರೆ ಸಾವಿರ ರೂಪಾಯಿ ಒಳಗೆ ಒಂದು ಗುಂಟೆ ನಿಂತ ಬೆಳೆಯನ್ನು ಹಕ್ಕಿಗೆ ಅಂತಲೇ ಬಿಡಿಸಬಹುದು. ಬಹುತೇಕ ಹೋಂಸ್ಟೇಯಲ್ಲಿ ಒಬ್ಬ ಅತಿಥಿ ಒಂದು ರಾತ್ರಿಗೆ ಕೊಡುವ ದುಡ್ಡು ಅದಕ್ಕಿಂತ ಜಾಸ್ತಿ. ಪಕ್ಕದ ರೈತರಿಗೆ ಬಿತ್ತನೆ ಹೊತ್ತಿಗೇ ಎರಡು ಗುಂಟೆಯ ದುಡ್ಡು ಮುಂಗಡ ಕೊಡಿ. "ಈ ಮೂಲೆ ಹಕ್ಕಿ ಪಾಲು, ಕೊಯ್ಯಬೇಡಿ, ಔಷಧಿ ಹೊಡೆಯಬೇಡಿ" ಅಂತ ಮಾತಾಡಿಕೊಳ್ಳಿ. ನಿಮ್ಮ ಅತಿಥಿಗಳಿಗೆ ನಾಲ್ಕು ಹಕ್ಕಿ ಬದಲು ನಲವತ್ತು ಕಾಣುತ್ತೆ. ಗದ್ದೆಯವರಿಗೆ ಮುಂದಿನ ವರ್ಷವೂ ಭತ್ತ ಹಾಕಲು ಒಂದು ಕಾರಣ ಸಿಗುತ್ತೆ.

ಇದು ಧರ್ಮ ಅಲ್ಲ, ಬಾಡಿಗೆ. ಅವರ ಗದ್ದೆಯ ನೋಟವನ್ನು ನೀವು ಈಗಾಗಲೇ ಮಾರುತ್ತಿದ್ದೀರಿ.

ಹೊಸದೇನೂ ಅಲ್ಲ

ಹಕ್ಕಿಗೆ ಪಾಲು ಬಿಡುವುದನ್ನು ನಮಗೆ ವಿಡಿಯೋ ಕಲಿಸಬೇಕಾಗಿಲ್ಲ. ಭೂಮಿ ಹುಣ್ಣಿಮೆಗೆ ನಾವು ಚರಗ ಬೀರುವುದು ಯಾಕೆ? ಬಸುರಿ ಭೂಮಿಗೆ ಬಯಕೆ ಊಟ ಬಡಿಸಿ, ಕಾಗೆ ಇಲಿಗೂ ಒಂದು ಪಾಲು ಇಡ್ತೀವಿ. ಹೊಸ ತೆನೆ ತಂದು ಬಾಗಿಲಿಗೆ, ಸೂರಿಗೆ ಕಟ್ಟುತ್ತಿದ್ದೆವು. ಅದೇ ನಮ್ಮ ಫೀಡರ್ ಆಗಿತ್ತು. ಪ್ಲಾಸ್ಟಿಕ್ ಇಲ್ಲ, ಸೂರಿನ ಅಡಿ ಇದ್ದದ್ದರಿಂದ ಮಳೆ ತಾಗಲ್ಲ, ಕಾಳು ಖಾಲಿಯಾದರೆ ಹುಲ್ಲು ದನಕ್ಕೆ. ಈಗ ಭೂಮಿ ಹುಣ್ಣಿಮೆಗೆ ತೋಟದಲ್ಲಿ ಪೂಜೆ ಮಾಡಿ, ಮರುವಾರ ಅದೇ ಜಾಗಕ್ಕೆ ಕಳೆನಾಶಕ ಹೊಡೀತೀವಿ. ಬಯಕೆ ಊಟ ಹಾಕಿದ ಮೇಲೆ ವಿಷ ಹಾಕಿದ ಹಾಗಾಯ್ತಲ್ಲ ಇದು?

ಮಾಡಬೇಕಾದ್ದು ಇಷ್ಟೇ. ಯಾವುದಕ್ಕೂ ದುಡ್ಡು ಬೇಕಾಗಿಲ್ಲ.

ತೋಟದ, ಗದ್ದೆಯ ಒಂದು ಅಂಚಿಗಾದರೂ ಔಷಧಿ ಹೊಡೆಯಬೇಡಿ. ಹುಲ್ಲು ತೆನೆ ಬಿಟ್ಟು ಕಾಳು ಉದುರಿದ ಮೇಲೆ ಕತ್ತಿಯಲ್ಲಿ ಸವರಿ. ಮಳೆಗಾಲದಲ್ಲಿ ಸವರುವ ಮೊದಲು ಪೊದೆಯಲ್ಲಿ ಹುಲ್ಲಿನ ಚೆಂಡು ಇದೆಯಾ ನೋಡಿ.

ಬೇಲಿಯ ಬಿದಿರು ಮೆಳೆ ಇದ್ದರೆ ಪೂರ್ತಿ ಕಡಿಯಬೇಡಿ.

ಮನೆ ಹಿಂದೆ ಖಾಲಿ ಜಾಗ ಇದ್ದರೆ ಒಂದು ಮಡಿ ನವಣೆಯೋ ರಾಗಿಯೋ ಹುಚ್ಚೆಳ್ಳೋ ಚೆಲ್ಲಿ, ಕೊಯ್ಯದೆ ಬಿಡಿ. ಗಿಡದ ಮೇಲಿರುವ ಕಾಳಿಗೆ ಬೇಗ ಬೂಷ್ಟು ಬರಲ್ಲ, ಹಕ್ಕಿಯೂ ಒಂದೇ ತಟ್ಟೆಯಲ್ಲಿ ಎಂಜಲು ಮಾಡಲ್ಲ.

ಬೇಸಿಗೆಯಲ್ಲಿ ನೀರು ಇಡುವುದಾದರೆ ಇಡಿ. ಆದರೆ ದಿನಾ ತಿಕ್ಕಿ ತೊಳೆದು, ಹೊಸ ನೀರು ಹಾಕಿ. ಆಗಲ್ಲ ಅಂದರೆ ಇಡಬೇಡಿ.

ಕೆಂಪು ರಾಟವಾಳ ಪಂಜರದಲ್ಲಿ ಮಾರಾಟಕ್ಕೆ ಕಂಡರೆ "ಪಾಪ" ಅಂತ ಕೊಂಡು ತರಬೇಡಿ. ಕೊಂಡರೆ ನಾಳೆ ಇನ್ನೆರಡು ಹಿಡೀತಾರೆ. ನಮ್ಮ ಕಾಡು ಹಕ್ಕಿಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅರಣ್ಯ ಇಲಾಖೆಗೆ ಫೋನ್ ಮಾಡಿ.

ಪಂಚಾಯ್ತಿಯವರು ಮುಂದಿನ ಮಾರ್ಚ್ 20ಕ್ಕೆ ಶಾಲೆ ಮಕ್ಕಳಿಂದ ಡಬ್ಬಿ ಕಟ್ಟಿಸುವ ಬದಲು, ಊರಲ್ಲಿ ಇನ್ನೂ ಭತ್ತ ಬೆಳೆಯುತ್ತಿರುವವರನ್ನು ಕರೆದು ಒಂದು ಕುರ್ಚಿ ಕೊಟ್ಟು ಕೂರಿಸಿ. ಅವರ ಕಷ್ಟ ಏನು ಅಂತ ಮೈಕ್‌ನಲ್ಲಿ ಅವರೇ ಹೇಳಲಿ. ಮಕ್ಕಳು ಕೇಳಿಸಿಕೊಳ್ಳಲಿ.

ನಾನು ನನ್ನ ಫೀಡರ್ ಇಳಿಸಿ ಆಯ್ತು. ಅದರಲ್ಲಿ ಈಗ ಅಮ್ಮ ಮೊಳೆ, ದಾರ ಹಾಕಿಟ್ಟಿದ್ದಾರೆ. ಹೋದ ವಾರ ಪಕ್ಕದವರ ಮನೆಗೆ ಹೋಗಿ, ಮೇಲಿನ ಎರಡು ಗುಂಟೆಗೆ ಈ ಸಲ ಸಸಿ ಹಾಕಬೇಡಿ, ಭತ್ತವೇ ಹಾಕಿ, ಅದರ ದುಡ್ಡು ನಾನು ಕೊಡ್ತೀನಿ, ನೆಟ್ಟಿಗೂ ಬರ್ತೀನಿ ಅಂದೆ. ಅವರು ನಕ್ಕರು. "ನೀನು ನೆಟ್ಟಿಗೆ ಬಂದರೆ ಹಕ್ಕಿಗೂ ನಗು ಬರುತ್ತೆ" ಅಂದರು. ಆಗಲ್ಲ ಅಂತ ಮಾತ್ರ ಹೇಳಲಿಲ್ಲ.

ನಿಮ್ಮ ಊರಲ್ಲೂ ಅಂಥ ಒಂದು ಕೊನೇ ಗದ್ದೆ ಇರುತ್ತೆ. ಯಾರದು ಅಂತ ನಿಮಗೆ ಗೊತ್ತು. ಇವತ್ತು ಸಂಜೆ ಒಂದು ಸಲ ಹೋಗಿ ಮಾತಾಡಿಸಿ ಬನ್ನಿ.